ಟ್ರೈಗ್ಲಿಸರೈಡು: ರಕ್ತದಲ್ಲಿ ತೇಲುವ ಕೊಬ್ಬು

ಯಾವುದೇ ಪ್ರಯೋಗಶಾಲೆಯಲ್ಲಿ ‘ಲಿಪಿಡ್ ಪ್ರೊಫೈಲ್’ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಕೈಗೆ ಬರುವ ವರದಿಯಲ್ಲಿ ಮುಖ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ಒಟ್ಟು ಕೊಲೆಸ್ಟರಾಲ್, ಎಲ್.ಡಿ.ಎಲ್., ಎಚ್.ಡಿ.ಎಲ್. ಮತ್ತು ಟ್ರೈಗ್ಲಿಸರೈಡು. ಮೊದಲ ಮೂರರ ವಿಷಯ ಬಹಳ ಜನ ಕೇಳಿದ್ದಾರೆ. ಗೊಂದಲವಿರುವುದು ನಾಲ್ಕನೆಯದರಲ್ಲಿ. ದೂರದರ್ಶನದ ಆರೋಗ್ಯ ಕಾರ್ಯಕ್ರಮಗಳಲ್ಲಿ ವೀಕ್ಷಕರು ವೈದ್ಯರನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಡಾಕ್ಟರೇ, ನಾನು ಕರಿದ ತಿಂಡಿ ಮುಟ್ಟುವುದಿಲ್ಲ, ತುಪ್ಪ ಬಿಟ್ಟು ವರ್ಷಗಳಾದವು. ಆದರೂ ಟ್ರೈಗ್ಲಿಸರೈಡು ಇನ್ನೂರೈವತ್ತು ದಾಟಿದೆ. ಈ ಕೊಬ್ಬು ಎಲ್ಲಿಂದ ಬಂತು?”

ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹುಡುಕಹೊರಟರೆ ನೀವು ತರಗತಿಯಲ್ಲಿ ಓದಿರುವ ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಒಂದಿಷ್ಟು ಅಂಕಗಣಿತ ಮೂರೂ ಉಪಯೋಗಕ್ಕೆ ಬರುತ್ತವೆ. ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಿ ಮುಗಿಸಲಾಗದ ಆ ವಿವರವನ್ನು ಇಲ್ಲಿ ಕ್ರಮವಾಗಿ ನೋಡೋಣ.

ಕೊಬ್ಬು ಎಂದರೇನು?

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ತುಪ್ಪ, ನಮ್ಮ ಹೊಟ್ಟೆಯ ಸುತ್ತ ಶೇಖರವಾಗುವ ಕೊಬ್ಬು – ಇವೆಲ್ಲವೂ ರಾಸಾಯನಿಕವಾಗಿ ಬಹುಪಾಲು ಟ್ರೈಗ್ಲಿಸರೈಡುಗಳೇ. ಗ್ಲಿಸರಾಲ್ ಎಂಬ ಚಿಕ್ಕ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡರೆ ಒಂದು ಟ್ರೈಗ್ಲಿಸರೈಡು ಆಗುತ್ತದೆ. ಹೆಸರಿನಲ್ಲಿರುವ ‘ಟ್ರೈ’ ಎಂದರೆ ಮೂರು. ಕೊಬ್ಬುಗಳು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಿಂದ ಆದವು ಎಂಬುದನ್ನು ಸ್ಪಷ್ಟಪಡಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜಿನ್ ಶೆವ್ರೆಲ್. ಅವನ ಗ್ರಂಥ ಪ್ರಕಟವಾದದ್ದು 1823ರಲ್ಲಿ.

ಟ್ರೈಗ್ಲಿಸರೈಡು ದೇಹದ ಇಂಧನ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ದೊರೆಯುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿಯನ್ನು ಕೂಡಿಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದ್ದರಿಂದ ಉಳಿಕೆಯಾದ ಆಹಾರವನ್ನು ದೇಹ ಈ ರೂಪದಲ್ಲೇ ಸಂಗ್ರಹಿಸುತ್ತದೆ.

ಕೊಲೆಸ್ಟರಾಲ್ ಬೇರೆಯೇ ವಸ್ತು. ಅದು ಜೀವಕೋಶಗಳ ಪೊರೆಗೆ, ಕೆಲವು ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಬೇಕಾದ ಸಾಮಗ್ರಿ, ಇಂಧನವಲ್ಲ. ಟ್ರೈಗ್ಲಿಸರೈಡನ್ನು ದೇಹ ಉರಿಸಿ ಮುಗಿಸಬಲ್ಲದು, ಕೊಲೆಸ್ಟರಾಲನ್ನು ಹಾಗೆ ಉರಿಸಲಾರದು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮುಂದೆ ರಕ್ತನಾಳದ ವಿಷಯ ಬಂದಾಗ ಇದು ಬೇಕಾಗುತ್ತದೆ.

ನೀರಿನಲ್ಲಿ ಎಣ್ಣೆಯ ಪ್ರಯಾಣ

ರಕ್ತದ ಬಹುಭಾಗ ನೀರು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಹಾಗಾದರೆ ಕೊಬ್ಬು ರಕ್ತದಲ್ಲಿ ಸಾಗುವುದು ಹೇಗೆ?

ಉತ್ತರ ನಮ್ಮ ಅಡಿಗೆಮನೆಯಲ್ಲೇ ಇದೆ. ಹಾಲಿನಲ್ಲಿ ಬೆಣ್ಣೆ ಇದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕೊಬ್ಬಿನ ಅತಿ ಸೂಕ್ಷ್ಮ ಹನಿಗಳಿಗೆ ಪ್ರೋಟೀನು ಮತ್ತು ಫಾಸ್ಫೊಲಿಪಿಡುಗಳ ತೆಳುವಾದ ಹೊದಿಕೆ ಇರುವುದರಿಂದ ಅವು ನೀರಿನೊಡನೆ ಹೊಂದಿಕೊಂಡು ತೇಲುತ್ತವೆ. ಮೊಸರು ಕಡೆದಾಗ ಈ ಹೊದಿಕೆ ಹರಿದು, ಕೊಬ್ಬಿನ ಹನಿಗಳು ಒಂದಕ್ಕೊಂದು ಸೇರಿ ಬೆಣ್ಣೆಯಾಗಿ ಮೇಲೆ ಬರುತ್ತವೆ. ನಮ್ಮ ರಕ್ತದಲ್ಲೂ ಏರ್ಪಾಡು ಇಂಥದೇ. ಟ್ರೈಗ್ಲಿಸರೈಡು ಮತ್ತು ಕೊಲೆಸ್ಟರಾಲನ್ನು ಒಳಗಿಟ್ಟುಕೊಂಡು ಹೊರಗೆ ಪ್ರೋಟೀನಿನ ಹೊದಿಕೆ ಹೊದ್ದ ಕಣಗಳಿಗೆ ಲೈಪೊಪ್ರೋಟೀನುಗಳು ಎಂದು ಹೆಸರು. ಇವನ್ನು ಸರಕು ಹೊತ್ತ ಬಂಡಿಗಳೆಂದು ಭಾವಿಸಬಹುದು.

ಊಟದ ಕೊಬ್ಬನ್ನು ಹೊರುವ ಬಂಡಿ ಸಿದ್ಧವಾಗುವುದು ಸಣ್ಣ ಕರುಳಿನ ಗೋಡೆಯಲ್ಲಿ. ಇದರ ಹೆಸರು ಕೈಲೊಮೈಕ್ರಾನ್. ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಈ ಕಣ ನೇರವಾಗಿ ರಕ್ತಕ್ಕೆ ಇಳಿಯದೆ ಮೊದಲು ದುಗ್ಧನಾಳಗಳನ್ನು ಸೇರುತ್ತದೆ. ‘ದುಗ್ಧ’ ಎಂದರೆ ಹಾಲು. 1622ರಲ್ಲಿ ಇಟಲಿಯ ವೈದ್ಯ ಗ್ಯಾಸ್ಪರೆ ಅಸೆಲ್ಲಿ, ಆಗಷ್ಟೇ ಆಹಾರ ತಿಂದಿದ್ದ ನಾಯಿಯೊಂದನ್ನು ಛೇದಿಸಿದಾಗ ಅದರ ಕರುಳಿನ ಪೊರೆಯಲ್ಲಿ ಹಾಲಿನಂಥ ದ್ರವ ತುಂಬಿದ ಬಿಳಿಯ ಎಳೆಗಳನ್ನು ಕಂಡ. ಅವನು ಕಂಡದ್ದು ಕೊಬ್ಬು ಹೊತ್ತು ಸಾಗುತ್ತಿದ್ದ ದುಗ್ಧನಾಳಗಳನ್ನು.

ರಕ್ತ ಸೇರಿದ ಕೈಲೊಮೈಕ್ರಾನುಗಳು ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳ ಲೋಮನಾಳಗಳನ್ನು ತಲಪುತ್ತವೆ. ಅಲ್ಲಿ ಗೋಡೆಗೆ ಅಂಟಿಕೊಂಡಿರುವ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಟ್ರೈಗ್ಲಿಸರೈಡನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸಿಕೊಡುತ್ತದೆ. ಸ್ನಾಯು ಅದನ್ನು ಉರಿಸುತ್ತದೆ, ಕೊಬ್ಬಿನ ಅಂಗಾಂಶ ಕೂಡಿಡುತ್ತದೆ. ಸರಕಿನ ಬಹುಪಾಲು ಇಳಿದ ಮೇಲೆ ಉಳಿಯುವ ಕುಗ್ಗಿದ ಕಣಕ್ಕೆ ‘ಶೇಷ ಕಣ’ ಎನ್ನೋಣ. ಆರೋಗ್ಯವಂತರಲ್ಲಿ ಇಂಥ ಶೇಷ ಕಣಗಳನ್ನು ಪಿತ್ತಜನಕಾಂಗ, ಅಂದರೆ ಲಿವರ್, ಬೇಗನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ರಾತ್ರಿ ಊಟ ಮಾಡಿ ಹನ್ನೆರಡು ಗಂಟೆ ಕಳೆಯುವ ಹೊತ್ತಿಗೆ ಊಟದ ಕೊಬ್ಬು ರಕ್ತದಿಂದ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ.

ಅನ್ನವೇ ಕೊಬ್ಬಾಗುವ ಬಗೆ

ಹಾಗಿದ್ದಲ್ಲಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಕಾಣುವ ಟ್ರೈಗ್ಲಿಸರೈಡು ಯಾವುದು? ಅದರ ಬಹುಪಾಲು ಪಿತ್ತಜನಕಾಂಗ ತಾನೇ ತಯಾರಿಸಿ ರಕ್ತಕ್ಕೆ ಬಿಟ್ಟದ್ದು. ಅದನ್ನು ಹೊರುವ ಬಂಡಿಗೆ ವಿ.ಎಲ್.ಡಿ.ಎಲ್. ಎಂದು ಹೆಸರು.

ಪಿತ್ತಜನಕಾಂಗಕ್ಕೆ ಈ ಕೊಬ್ಬು ಬರುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು, ನಾವು ತಿನ್ನುವ ಪಿಷ್ಟ ಮತ್ತು ಸಕ್ಕರೆ. ದೇಹ ಖರ್ಚು ಮಾಡುವುದಕ್ಕಿಂತ ಹೆಚ್ಚು ಪಿಷ್ಟ ಬಂದಾಗ ಪಿತ್ತಜನಕಾಂಗ ಅದರ ಒಂದು ಭಾಗವನ್ನು ಕೊಬ್ಬಿನಾಮ್ಲವನ್ನಾಗಿ ಮಾರ್ಪಡಿಸುತ್ತದೆ. ಸಕ್ಕರೆಯ ಅರ್ಧಭಾಗವಾದ ಫ್ರಕ್ಟೋಸಂತೂ ಈ ಕೆಲಸಕ್ಕೆ ಬಹಳ ಸುಲಭವಾಗಿ ಒದಗುತ್ತದೆ. ಮದ್ಯವೂ ಇದೇ ಕಾರ್ಖಾನೆಗೆ ಕಚ್ಚಾ ಸಾಮಗ್ರಿ ಒದಗಿಸುತ್ತದೆ. ಎರಡನೆಯದು, ಹೊಟ್ಟೆಯ ಕೊಬ್ಬು. ಇನ್ಸುಲಿನ್ ಹಾರ್ಮೋನು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದು ಕೂಡಿಟ್ಟ ಕೊಬ್ಬಿಗೆ ಬೀಗ ಹಾಕಿಟ್ಟಿರುತ್ತದೆ. ದೇಹ ಇನ್ಸುಲಿನ್ನಿನ ಮಾತು ಕೇಳದಂತಾದಾಗ ಬೀಗ ಸಡಿಲವಾಗಿ ಕೊಬ್ಬಿನಾಮ್ಲಗಳು ಪಿತ್ತಜನಕಾಂಗಕ್ಕೆ ಹರಿದುಬರುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದರ ಹೊಸ್ತಿಲಲ್ಲಿರುವವರಲ್ಲಿ ಟ್ರೈಗ್ಲಿಸರೈಡು ಏರಲು ಇದೇ ಕಾರಣ. ಥೈರಾಯ್ಡ್ ಕೊರತೆ, ಕೆಲವು ಮೂತ್ರಪಿಂಡದ ಕಾಯಿಲೆಗಳು, ಸ್ಟೀರಾಯ್ಡಿನಂಥ ಕೆಲವು ಔಷಧಿಗಳು, ವಂಶವಾಹಿಗಳು ಕೂಡ ಕಾರಣವಾಗಬಹುದು.

ತುಪ್ಪ ಬಿಟ್ಟವರ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ತಟ್ಟೆಯಲ್ಲಿ ತುಪ್ಪ ಇಲ್ಲದಿದ್ದರೂ ಅನ್ನ ಮೂರು ಸಲ ಬಡಿಸಿದ್ದರೆ, ಕಾಫಿ-ಟೀಗೆ ದಿನಕ್ಕೆ ಐದಾರು ಸಲ ಸಕ್ಕರೆ ಬೆರೆತಿದ್ದರೆ, ಇಡೀ ದಿನ ಕುರ್ಚಿಯಲ್ಲಿ ಕಳೆದಿದ್ದರೆ ಪಿತ್ತಜನಕಾಂಗಕ್ಕೆ ಕೊಬ್ಬು ತಯಾರಿಸಲು ಬೇಕಾದ್ದೆಲ್ಲ ದೊರೆತಂತಾಯಿತು. ಭಾರತೀಯರ ಆಹಾರದಲ್ಲಿ ಶೇಕಡಾ 60ಕ್ಕೂ ಹೆಚ್ಚು ಶಕ್ತಿ ಬರುವುದು ಪಿಷ್ಟ-ಸಕ್ಕರೆಗಳಿಂದಲೇ.

ಇದರ ಪರಿಣಾಮ ಅಂಕಿಗಳಲ್ಲೂ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆದ ಸಮೀಕ್ಷೆಯೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದರಂತೆ ವಯಸ್ಕರಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದವರು ಶೇಕಡಾ 13.9, ಟ್ರೈಗ್ಲಿಸರೈಡು ಹೆಚ್ಚಿದ್ದವರು ಶೇಕಡಾ 29.5, ಎಚ್.ಡಿ.ಎಲ್. ಕಡಿಮೆ ಇದ್ದವರು ಶೇಕಡಾ 72.3. ಕೊಲೆಸ್ಟರಾಲಿನ ಅಂಕಿಯೊಂದನ್ನೇ ನೋಡಿ ಸಮಾಧಾನಪಡುವುದು ನಮ್ಮವರಿಗೆ ಸಲ್ಲದು ಎಂದಾಯಿತು.

“ನಾನು ತೆಳ್ಳಗಿದ್ದೇನೆ, ನನಗೇನು?” ಎನ್ನುವವರಿಗೂ ಒಂದು ಮಾತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದಲ್ಲಿನ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಭಾರತೀಯರ ದೇಹ ಹೊರಗೆ ಸಣಕಲಾಗಿ ಕಂಡರೂ ಒಳಗೆ ಕೊಬ್ಬು ತುಂಬಿಕೊಂಡಿರಬಹುದು ಎಂಬುದಕ್ಕೆ ಈ ಜೋಡಿ ಇಂದಿಗೂ ಉದಾಹರಣೆ.

ರಕ್ತನಾಳಕ್ಕೆ ಹಾನಿ ಹೇಗೆ?

ಟ್ರೈಗ್ಲಿಸರೈಡು ಹೆಚ್ಚಿದ್ದಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬ ಸಂಬಂಧವನ್ನು 1959ರಲ್ಲಿ ಅಮೆರಿಕದ ಮಾರ್ಗರೆಟ್ ಆಲ್ಬ್ರಿಂಕ್ ಮತ್ತು ಎವೆಲಿನ್ ಮ್ಯಾನ್ ತೋರಿಸಿಕೊಟ್ಟರು. ಆದರೆ ಹಾನಿ ಮಾಡುವುದು ಟ್ರೈಗ್ಲಿಸರೈಡೇ ಅಥವಾ ಅದರ ಜೊತೆಗಿರುವ ಬೇರೇನಾದರೂ ಇದೆಯೇ ಎಂಬ ವಾದ ದಶಕಗಳ ಕಾಲ ನಡೆಯಿತು.

ಇಲ್ಲಿ ಕಣಗಳ ಗಾತ್ರ ಮುಖ್ಯವಾಗುತ್ತದೆ. ಅಪಧಮನಿಯ ಒಳಪದರವನ್ನು ಸುಮಾರು 70 ನ್ಯಾನೋಮೀಟರಿಗಿಂತ ಚಿಕ್ಕ ಕಣಗಳು ಮಾತ್ರ ದಾಟಬಲ್ಲವು. ತುಂಬಿದ ಕೈಲೊಮೈಕ್ರಾನು ಅದಕ್ಕಿಂತ ದೊಡ್ಡದು, ಒಳಗೆ ಹೋಗಲಾರದು. ಆದರೆ ಸರಕು ಇಳಿಸಿ ಕುಗ್ಗಿದ ಶೇಷ ಕಣಗಳು ಹೋಗಬಲ್ಲವು. ಅವುಗಳೊಳಗೆ ಉಳಿದಿರುವುದೇನು? ಟ್ರೈಗ್ಲಿಸರೈಡಿನ ಬಹುಪಾಲು ಖಾಲಿಯಾಗಿದೆ, ಕೊಲೆಸ್ಟರಾಲ್ ಹಾಗೆಯೇ ಇದೆ. ಎಲ್.ಡಿ.ಎಲ್. ಕಣವೊಂದರಲ್ಲಿ ಇರುವುದಕ್ಕಿಂತ ಹಲವು ಪಟ್ಟು ಕೊಲೆಸ್ಟರಾಲ್ ಒಂದು ಶೇಷ ಕಣದಲ್ಲಿರಬಹುದು.

ಗೋಡೆಯೊಳಗೆ ಸಿಕ್ಕಿಕೊಂಡ ಈ ಕಣಗಳನ್ನು ಕಸವೆಂದು ತಿಳಿದು ಭಕ್ಷಕ ಕೋಶಗಳು ನುಂಗುತ್ತವೆ. ಟ್ರೈಗ್ಲಿಸರೈಡು ಅಲ್ಲಿ ಒಡೆದುಹೋಗುತ್ತದೆ. ಉರಿಸಲಾಗದ ಕೊಲೆಸ್ಟರಾಲ್ ಕೋಶದೊಳಗೆ ಹನಿಹನಿಯಾಗಿ ನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ನೊರೆಯಂತೆ ಕಾಣುವುದರಿಂದ ಇವಕ್ಕೆ ನೊರೆಕೋಶಗಳೆಂದು ಹೆಸರು. ವರ್ಷಗಳು ಕಳೆದಂತೆ ಇವು ಸೇರಿ, ಉರಿಯೂತ ಉಂಟಾಗಿ, ನಾಳದ ಗೋಡೆ ದಪ್ಪವಾಗುತ್ತದೆ. ಒಂದು ದಿನ ಆ ದಪ್ಪಗಾದ ಭಾಗ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ಮಿದುಳಿನ ನಾಳದಲ್ಲಾದರೆ ಪಾರ್ಶ್ವವಾಯು.

ಇಷ್ಟೇ ಅಲ್ಲ. ವಿ.ಎಲ್.ಡಿ.ಎಲ್. ಕಣಗಳು ಹೆಚ್ಚಿದಾಗ ಅವು ತಮ್ಮ ಟ್ರೈಗ್ಲಿಸರೈಡನ್ನು ಎಚ್.ಡಿ.ಎಲ್. ಮತ್ತು ಎಲ್.ಡಿ.ಎಲ್. ಕಣಗಳಿಗೆ ಕೊಟ್ಟು ಅವುಗಳಿಂದ ಕೊಲೆಸ್ಟರಾಲ್ ಪಡೆಯುತ್ತವೆ. ಈ ಕೊಡುಕೊಳ್ಳುವಿಕೆಯಲ್ಲಿ ಎಚ್.ಡಿ.ಎಲ್. ಇಳಿಯುತ್ತದೆ, ಎಲ್.ಡಿ.ಎಲ್. ಕಣಗಳು ಚಿಕ್ಕದಾಗಿ ಗಟ್ಟಿಯಾಗುತ್ತವೆ. ಮೇಲಿನ ಸಮೀಕ್ಷೆಯಲ್ಲಿ ಹೆಚ್ಚಿನ ಟ್ರೈಗ್ಲಿಸರೈಡು ಮತ್ತು ಕಡಿಮೆ ಎಚ್.ಡಿ.ಎಲ್. ಎರಡೂ ಎದ್ದು ಕಂಡದ್ದು ಈ ಕಾರಣದಿಂದ ಆಶ್ಚರ್ಯವಲ್ಲ.

ಅಪರಾಧಿಯೋ, ಸಾಕ್ಷಿಯೋ?

ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವ ಮಾತು. ಶೇಷ ಕಣಗಳೇ ಕಾರಣ ಎಂಬುದಕ್ಕೆ ಒಂದು ಬಲವಾದ ಸಾಕ್ಷ್ಯ ದೊರೆತದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಅಮಿಷ್ ಜನರಲ್ಲಿ. ಹೆಚ್ಚಾಗಿ ತಮ್ಮೊಳಗೇ ಮದುವೆಯಾಗುವ ಈ ಕೃಷಿಕ ಸಮುದಾಯದಲ್ಲಿ ವಂಶವಾಹಿಗಳ ಅಧ್ಯಯನ ಸುಲಭ. ಅವರಲ್ಲಿ ಸುಮಾರು ಶೇಕಡಾ 5 ಮಂದಿಯಲ್ಲಿ ಅಪೊ-ಸಿ-3 ಎಂಬ ಪ್ರೋಟೀನಿನ ವಂಶವಾಹಿಯ ಒಂದು ಪ್ರತಿ ಕೆಲಸ ಮಾಡುವುದಿಲ್ಲವೆಂದು 2008ರಲ್ಲಿ ತಿಳಿದುಬಂತು. ಈ ಪ್ರೋಟೀನು ಕೊಬ್ಬಿನ ಕಣಗಳು ರಕ್ತದಿಂದ ಬೇಗ ಖಾಲಿಯಾಗದಂತೆ ತಡೆಯುತ್ತದೆ. ಅದು ಅರ್ಧವಾದವರಲ್ಲಿ ಟ್ರೈಗ್ಲಿಸರೈಡು ಕಡಿಮೆ ಇತ್ತು; ಹೃದಯದ ನಾಳಗಳಲ್ಲಿ ಸುಣ್ಣ ಕಟ್ಟಿಕೊಳ್ಳುವುದೂ ಕಡಿಮೆ ಇತ್ತು. 2014ರಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಅಧ್ಯಯನಗಳು ಇಂಥ ವಂಶವಾಹಿ ಬದಲಾವಣೆ ಇದ್ದವರಲ್ಲಿ ಟ್ರೈಗ್ಲಿಸರೈಡೂ ಹೃದ್ರೋಗದ ಅಪಾಯವೂ ಹೆಚ್ಚುಕಡಿಮೆ ಶೇಕಡಾ 40ರಷ್ಟು ಕಡಿಮೆ ಎಂದು ತೋರಿಸಿದವು.

ಹಾಗಾದರೆ ಮಾತ್ರೆ ನುಂಗಿ ಟ್ರೈಗ್ಲಿಸರೈಡು ಇಳಿಸಿದರೆ ಸಾಕಲ್ಲವೇ? ಇದಕ್ಕೆ 2022ರಲ್ಲಿ ಬಂದ ಉತ್ತರ ಹಲವರನ್ನು ನಿರಾಸೆಗೊಳಿಸಿತು. ಟ್ರೈಗ್ಲಿಸರೈಡು ಹೆಚ್ಚಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿಗಳಲ್ಲಿ ಪೆಮಾಫೈಬ್ರೇಟ್ ಎಂಬ ಔಷಧಿಯನ್ನು ಪರೀಕ್ಷಿಸಲಾಯಿತು. ಟ್ರೈಗ್ಲಿಸರೈಡೇನೋ ಸುಮಾರು ಶೇಕಡಾ 26ರಷ್ಟು ಇಳಿಯಿತು. ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಏಕೆಂದರೆ ಬಂಡಿಗಳ ಸರಕು ಹಗುರವಾಯಿತೇ ಹೊರತು ಬಂಡಿಗಳ ಸಂಖ್ಯೆ ಇಳಿಯಲಿಲ್ಲ. ನಾಳದ ಗೋಡೆಗೆ ಕೊಲೆಸ್ಟರಾಲ್ ಸಾಗಿಸುವುದು ಆ ಬಂಡಿಗಳೇ. ಮೀನಿನೆಣ್ಣೆಯಿಂದ ಪಡೆದ ಔಷಧಿಗಳ ಕಥೆಯೂ ಮಿಶ್ರವಾಗಿದೆ. 2018ರ ಪ್ರಯೋಗವೊಂದರಲ್ಲಿ ಲಾಭ ಕಂಡಿತು, 2020ರಲ್ಲಿ ಬೇರೊಂದು ಮಿಶ್ರಣದ ಪ್ರಯೋಗದಲ್ಲಿ ಕಾಣಲಿಲ್ಲ. ಅಂಗಡಿಯಲ್ಲಿ ಸಿಗುವ ಮೀನಿನೆಣ್ಣೆಯ ಗುಳಿಗೆಗಳನ್ನು ತಾವಾಗಿಯೇ ಕೊಂಡು ನುಂಗುವವರು ಇದನ್ನು ತಿಳಿದಿರಬೇಕು.

ಒಟ್ಟಿನಲ್ಲಿ, ವರದಿಯ ಅಂಕಿಯನ್ನು ಇಳಿಸುವುದೇ ಗುರಿಯಲ್ಲ. ಆ ಅಂಕಿ ಏರಲು ಕಾರಣವಾದ ಕಾರ್ಖಾನೆಯನ್ನು ಹತೋಟಿಗೆ ತರಬೇಕು.

ವರದಿಯನ್ನು ಓದುವ ಬಗೆ

ಬರಿಹೊಟ್ಟೆಯಲ್ಲಿ ಟ್ರೈಗ್ಲಿಸರೈಡು ಪ್ರತಿ 100 ಮಿಲಿಲೀಟರ್ ರಕ್ತದ್ರವದಲ್ಲಿ 150 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕು. 150ರಿಂದ 199 ಗಡಿಯ ಮಟ್ಟ, 200ರಿಂದ 499 ಹೆಚ್ಚು, 500 ಮತ್ತು ಮೇಲ್ಪಟ್ಟರೆ ಅತಿ ಹೆಚ್ಚು. ಈಗ ಉಪವಾಸವಿಲ್ಲದೆಯೂ ಪರೀಕ್ಷೆ ಮಾಡುವುದುಂಟು. ಆಗ ಅಂಕಿ ಬಹಳ ಹೆಚ್ಚು ಬಂದರೆ ಉಪವಾಸವಿದ್ದು ಮತ್ತೊಮ್ಮೆ ಪರೀಕ್ಷಿಸಬೇಕು.

ಈಗ ಸ್ವಲ್ಪ ಲೆಕ್ಕ. ಒಂದು ಕಲ್ಪಿತ ವರದಿ ತೆಗೆದುಕೊಳ್ಳೋಣ: ಒಟ್ಟು ಕೊಲೆಸ್ಟರಾಲ್ 190, ಎಚ್.ಡಿ.ಎಲ್. 34, ಟ್ರೈಗ್ಲಿಸರೈಡು 230. ಬಹಳಷ್ಟು ಪ್ರಯೋಗಶಾಲೆಗಳು ಎಲ್.ಡಿ.ಎಲ್. ಅನ್ನು ನೇರವಾಗಿ ಅಳೆಯದೆ, 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಿಂದ ಕಂಡುಹಿಡಿಯುತ್ತವೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ ವಿ.ಎಲ್.ಡಿ.ಎಲ್. ಕಣಗಳಲ್ಲಿನ ಕೊಲೆಸ್ಟರಾಲ್ ಸುಮಾರಾಗಿ ಸಿಗುತ್ತದೆ: 230 ÷ 5 = 46. ಎಲ್.ಡಿ.ಎಲ್. = 190 – 34 – 46 = 110. ಒಟ್ಟು ಕೊಲೆಸ್ಟರಾಲ್ ಇನ್ನೂರರ ಒಳಗಿದೆ, ಎಲ್.ಡಿ.ಎಲ್. ಕೂಡ ಭಯಪಡಿಸುವಂತಿಲ್ಲ. ಮನೆಯವರು “ಎಲ್ಲ ನಾರ್ಮಲ್” ಎಂದು ಕಾಗದ ಮಡಿಸಿಡುತ್ತಾರೆ.

ಆದರೆ ಒಟ್ಟು ಕೊಲೆಸ್ಟರಾಲಿನಿಂದ ಎಚ್.ಡಿ.ಎಲ್. ಒಂದನ್ನೇ ಕಳೆದು ನೋಡಿ: 190 – 34 = 156. ನಾಳದ ಗೋಡೆಯನ್ನು ಹೊಗಬಲ್ಲ ಎಲ್ಲ ಕಣಗಳ ಕೊಲೆಸ್ಟರಾಲ್ ಇದರಲ್ಲಿ ಸೇರಿದೆ. ಇದು 130ರೊಳಗೆ ಇರುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇರುವವರಲ್ಲಿ ಇನ್ನೂ ಕಡಿಮೆ ಇರಬೇಕು. ಎಲ್.ಡಿ.ಎಲ್. ಅಂಕಿಯಲ್ಲಿ ಕಾಣದೆ ಉಳಿದ ಆ 46, ಇಲ್ಲಿ ಲೆಕ್ಕಕ್ಕೆ ಬಂತು. ಟ್ರೈಗ್ಲಿಸರೈಡು 400 ದಾಟಿದರೆ ಮೇಲಿನ ಸೂತ್ರ ನಂಬಲರ್ಹವಲ್ಲ ಎಂಬುದನ್ನೂ ಗಮನಿಸಿ.

ಅಂಕಿ 500 ದಾಟಿ, ವಿಶೇಷವಾಗಿ ಸಾವಿರದ ಮೇಲೆ ಹೋದಾಗ ತುರ್ತಾದ ಅಪಾಯ ಬೇರೊಂದಿದೆ: ಮೇದೋಜೀರಕ ಗ್ರಂಥಿಯ ಉರಿಯೂತ. ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾಗದ ನೋವು, ವಾಂತಿ ಬರುವ ಈ ಸ್ಥಿತಿ ಪ್ರಾಣಕ್ಕೆ ಮುಳುವಾಗಬಹುದು. ಇಂಥವರ ರಕ್ತವನ್ನು ಪ್ರಯೋಗಶಾಲೆಯಲ್ಲಿ ಗರಗರನೆ ತಿರುಗಿಸಿ ಬೇರ್ಪಡಿಸಿದರೆ ಮೇಲಿನ ದ್ರವ ಹಾಲಿನಂತೆ ಬೆಳ್ಳಗಿರುತ್ತದೆ. ಹುಟ್ಟಿನಿಂದಲೇ ಕೊಬ್ಬು ಒಡೆಯುವ ಕಿಣ್ವ ಕೆಲಸ ಮಾಡದ ಅತಿ ವಿರಳ ಕಾಯಿಲೆಯೂ ಇದೆ. ಅಂಥವರ ರಕ್ತದಲ್ಲಿ ತುಂಬಿರುವುದು ನಾಳದ ಗೋಡೆ ಹೊಗಲಾರದ ದೊಡ್ಡ ಕಣಗಳು. ಆದ್ದರಿಂದ ಅವರಿಗೆ ಹೃದಯಕ್ಕಿಂತ ಮೇದೋಜೀರಕ ಗ್ರಂಥಿಯದೇ ಹೆಚ್ಚಿನ ಭಯ. ಅಮಿಷ್ ಜನರಲ್ಲಿ ಕಂಡ ಅಪೊ-ಸಿ-3 ಪ್ರೋಟೀನನ್ನೇ ತಗ್ಗಿಸುವ ಒಲೆಜಾರ್ಸೆನ್ ಎಂಬ ಔಷಧಿಗೆ ಈ ಕಾಯಿಲೆಗಾಗಿ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು.

ನಾವು ಮಾಡಬಹುದಾದದ್ದು

ಟ್ರೈಗ್ಲಿಸರೈಡಿನ ವಿಷಯದಲ್ಲಿ ಸಮಾಧಾನದ ಸಂಗತಿ ಎಂದರೆ ಅದು ನಮ್ಮ ದಿನಚರಿಗೆ ಬೇಗ ಸ್ಪಂದಿಸುತ್ತದೆ. ಹೆಚ್ಚಿನ ತೂಕವಿರುವವರು ತಮ್ಮ ತೂಕದ ಶೇಕಡಾ 5ರಿಂದ 10ರಷ್ಟನ್ನು ಇಳಿಸಿದರೆ ಟ್ರೈಗ್ಲಿಸರೈಡು ಸುಮಾರು ಶೇಕಡಾ 20ರಷ್ಟು ಇಳಿಯಬಹುದು. ಬಿರುಸಾಗಿ ನಡೆದ ದಿನ ಸ್ನಾಯುಗಳಲ್ಲಿ ಕೊಬ್ಬು ಒಡೆಯುವ ಕಿಣ್ವ ಚುರುಕಾಗುತ್ತದೆ. ಅದರ ಲಾಭ ಮರುದಿನದ ಊಟದವರೆಗೂ ಉಳಿಯುತ್ತದೆ. ವಾರಕ್ಕೊಂದು ದಿನ ಎರಡು ಗಂಟೆ ಓಡುವುದಕ್ಕಿಂತ ದಿನವೂ ಅರ್ಧ ಗಂಟೆ ನಡೆಯುವುದು ಮೇಲು ಎನ್ನುವುದು ಇದಕ್ಕಾಗಿ.

ಊಟದ ತಟ್ಟೆಯಲ್ಲಿ ಅನ್ನವನ್ನೋ ಮುದ್ದೆಯನ್ನೋ ತೀರ ಬಿಡಬೇಕಾಗಿಲ್ಲ. ಅವು ಆಕ್ರಮಿಸಿಕೊಂಡ ಜಾಗವನ್ನು ತುಸು ತಗ್ಗಿಸಿ ಪಲ್ಯ, ಸೊಪ್ಪು, ಕಾಳು, ಬೇಳೆ, ಮೊಸರಿಗೆ, ತಿನ್ನುವವರು ಮೀನು-ಮೊಟ್ಟೆಗೆ ಜಾಗ ಮಾಡಿಕೊಡಬೇಕು. ರಾಗಿಯೂ ಪಿಷ್ಟವೇ, ರಾಗಿ ಎಂಬ ಕಾರಣಕ್ಕೆ ಎಷ್ಟು ಮುದ್ದೆಯಾದರೂ ಸರಿ ಎನ್ನುವಂತಿಲ್ಲ. 300 ಮಿಲಿಲೀಟರಿನ ತಂಪು ಪಾನೀಯವೊಂದರಲ್ಲಿ ಸುಮಾರು 30 ಗ್ರಾಂ, ಅಂದರೆ ಆರು ಟೀ ಚಮಚ ಸಕ್ಕರೆ ಇರುತ್ತದೆ. ಅದು ನೇರವಾಗಿ ಕಾರ್ಖಾನೆಗೆ ಹೋಗುವ ಸಾಮಗ್ರಿ. ಅಡಿಗೆ ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಅಚ್ಚಾಗಿರುವುದನ್ನು ನೋಡಿ ಮರುಳಾಗಬೇಡಿ. ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಆದರೆ ಆ ಪೊಟ್ಟಣದಲ್ಲಿರುವುದೆಲ್ಲ ಟ್ರೈಗ್ಲಿಸರೈಡೇ, ಮಿತವಾಗಿ ಬಳಸಬೇಕು. ಟ್ರೈಗ್ಲಿಸರೈಡು ಹೆಚ್ಚಿರುವವರಿಗೆ ಮದ್ಯ ಸಲ್ಲದು. ಧೂಮಪಾನ ರಕ್ತನಾಳದ ಬಹುದೊಡ್ಡ ಶತ್ರು ಎಂದು ಬೇರೆ ಹೇಳಬೇಕಾಗಿಲ್ಲ.

ಹೃದ್ರೋಗದ ಅಪಾಯ ಹೆಚ್ಚಿರುವವರಿಗೆ ವೈದ್ಯರು ಮೊದಲು ಕೊಡುವುದು ಸಾಮಾನ್ಯವಾಗಿ ಸ್ಟಾಟಿನ್ ಗುಂಪಿನ ಮಾತ್ರೆಗಳನ್ನು. ಅವು ಕೊಲೆಸ್ಟರಾಲ್ ಹೊರುವ ಬಂಡಿಗಳ ಸಂಖ್ಯೆಯನ್ನೇ ಇಳಿಸುತ್ತವೆ. “ಅಂಕಿ ಇಳಿಯಿತಲ್ಲ” ಎಂದು ಅವನ್ನು ತಾವಾಗಿ ನಿಲ್ಲಿಸುವುದು ಅಪಾಯಕ್ಕೆ ಆಹ್ವಾನ.

ಇದೆಲ್ಲ ದೊಡ್ಡವರ ವಿಷಯ, ವಿದ್ಯಾರ್ಥಿಗಳಿಗೇಕೆ ಎಂದು ನೀವು ಕೇಳಬಹುದು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಮೊದಲ ಹೃದಯಾಘಾತವಾದಾಗಿನ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53, ಉಳಿದವರಲ್ಲಿ ಸುಮಾರು 59 ಎಂದು ಕಂಡುಬಂತು. ಐವತ್ತಮೂರು ಎಂದರೆ ನಿಮ್ಮಲ್ಲಿ ಅನೇಕರ ತಂದೆ-ತಾಯಿ, ಸೋದರಮಾವ, ಚಿಕ್ಕಪ್ಪಂದಿರ ವಯಸ್ಸು. ಮನೆಯ ಬೀರುವಿನಲ್ಲಿ ಅವರ ಹಳೆಯ ವರದಿ ಇದ್ದರೆ ತೆಗೆದು ನೋಡಿ. ಟ್ರೈಗ್ಲಿಸರೈಡು 150ರ ಮೇಲಿದ್ದು ಎಚ್.ಡಿ.ಎಲ್. ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಮೇಲೆ ಹೇಳಿದ ಕಳೆಯುವ ಲೆಕ್ಕ ಮಾಡಿ, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿದ್ದಾರೆಯೇ ಎಂದು ವಿಚಾರಿಸಿ, ಆ ಕಾಗದದೊಡನೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಹಾಗೆಯೇ ಸಂಜೆ ಅವರೊಡನೆ ನೀವೂ ನಡೆಯಲು ಹೊರಡಿ. ನಾಳದ ಗೋಡೆಯಲ್ಲಿ ಕೊಬ್ಬು ಕೂಡಿಕೊಳ್ಳುವ ಕೆಲಸ ಆರಂಭವಾಗುವುದು ಹರೆಯದಲ್ಲೇ.